ಸೊಪ್ಪು ಹಾಕಿದವರು ಯಾರು?

ಕೊರೋನಾದ ಕಾಟದಿಂದ ಎರಡು ವರ್ಷ ಊರಿನವರ ಮುಖ ಕಾಣದೆ ಇದ್ದ ನಮ್ಮ ಮನೆಗೆ 2022ರ ಮೇ ತಿಂಗಳಲ್ಲಿ ಶಿಡ್ಲಘಟ್ಟದ ಕಡೆಯಿಂದ ಅಕ್ಕ ಬಂದಳು. ಎಪ್ಪತ್ತಾರು ತುಂಬಿದ ಜೀವ. ಮಗನ ಜೊತೆ ರೈಲಿನಲ್ಲಿ ಬಂದಿದ್ದಳು. ಚಿಂಚವಾಡದಲ್ಲಿ ನಮ್ಮ ತಂಗಿಯ ಮಗನ ಗೃಹಪ್ರವೇಶವಿತ್ತು. ಅದರ ಊಟ ಮುಗಿಸಿ ಮನೆಗೆ ಬಂದವಳು, ಉಟ್ಟ ರೇಷ್ಮೆಸೀರೆಯನ್ನೂ ಬದಲಿಸದೆ, ದಿವಾನದ ಮೇಲೆ ಕಾಲು ಮಡಿಸಿ ಕುಳಿತು ಎಲೆಅಡಿಕೆ ಬಿಚ್ಚಿಕೊಂಡಳು. ಮಾರನೆಯ ದಿನ ನನ್ನ ಹದಿಮೂರು ವರ್ಷದ ಮೊಮ್ಮಗಳಿಗೆ ಲಸಿಕೆ ಹಾಕಿಸುವುದೆಂದು ನಿಶ್ಚಯವಾಗಿತ್ತು. ನಮ್ಮ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಕೋವೊವ್ಯಾಕ್ಸ್ ಎಂಬ ಲಸಿಕೆ. ಈ ಕಾಲದ ಮಕ್ಕಳು ಕೇಳಬೇಕೆ? ತನ್ನ ತೋಳಿಗೆ ಚುಚ್ಚುವುದು ಏನೆಂದು ಫೋನಿನಲ್ಲಿ ಹುಡುಕುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಕೂಗಿದಳು: "ತಾತ, ಇದನ್ನ ಹುಳದ ಸೆಲ್ಲಿನಲ್ಲಿ ಮಾಡ್ತಾರಂತೆ!"

ಅಕ್ಕನಿಗೆ ಕಣ್ಣು ಮಂಜಾಗಿದೆಯೇ ಹೊರತು ಕಿವಿ ಚುರುಕು. ಬಾವ ತೀರಿಕೊಂಡ ಮೇಲೆ ಮಾಂಸ ಬಿಟ್ಟು, ಸೋಮವಾರ ಶನಿವಾರ ಒಪ್ಪತ್ತು ಮಾಡುವವಳು. ಬಾಯಿಗೆ ಹೋಗುತ್ತಿದ್ದ ಎಲೆ ಕೈಯಲ್ಲೇ ನಿಂತಿತು. "ಹುಳದ ರಸಾನ ಮಗೂಗೆ ಚುಚ್ಚಿಸ್ತೀಯೇನೋ?" ಎಂದು ನನ್ನನ್ನು ಕೇಳಿದಳು.

ನನಗೆ ನಗು ಬಂತು. "ಅಕ್ಕ, ನೀನು ಉಟ್ಟಿರೋದು ಏನು ಹೇಳು? ಒಂದು ಸೀರೆಗೆ ಎರಡು ಸಾವಿರ ಗೂಡಿಗೆ ಕಮ್ಮಿ ಇಲ್ಲ. ಅಷ್ಟನ್ನೂ ಕುದಿಯೋ ನೀರಿಗೆ ಹಾಕಿದ ಮೇಲೆ ತಾನೇ ನೂಲು ಬಿಚ್ಚೋದು? ಒಳಗಿರೋದು ಹುಳ ಅಲ್ವೇ?" ಎಂದೆ. ಸೊಸೆ ನಕ್ಕಳು, ಮೊಮ್ಮಗಳು ಚಪ್ಪಾಳೆ ತಟ್ಟಿದಳು. ವಾದ ಗೆದ್ದೆನೆಂಬ ಹಿಗ್ಗು ನನ್ನ ಮುಖದಲ್ಲಿ ಕಾಣಿಸಿರಬೇಕು.

ಅಕ್ಕ ಸೆರಗಿನ ಅಂಚನ್ನು ಬೆರಳಿನಿಂದ ಒಮ್ಮೆ ಸವರಿ ಹೇಳಿದಳು: "ಗೊತ್ತು ಕಣೋ. ಬೇಯಿಸ್ತಾರೆ, ಸಾಯ್ತವೆ. ಆದರೆ ಆ ಹುಳಕ್ಕೆ ನಾನು ಸೊಪ್ಪು ಹಾಕಿದ್ದೀನಿ. ಅರ್ಧ ರಾತ್ರೀಲಿ ಎದ್ದು ಹಾಕಿದ್ದೀನಿ. ನಿನ್ನ ಈ ಹುಳಕ್ಕೆ ಸೊಪ್ಪು ಹಾಕಿದೋರು ಯಾರು?"

ಆಗ ನನಗೆ ಉತ್ತರ ಹೊಳೆಯಲಿಲ್ಲ. ಸಂಘದ ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಬಹಳ ದಿನಗಳಿಂದ ಪೀಡಿಸುತ್ತಿದ್ದರು. ಆ ಪ್ರಶ್ನೆಯ ಬೆನ್ನು ಹತ್ತಿ ನಾನು ತಿಳಿದುಕೊಂಡದ್ದನ್ನೂ ಅಷ್ಟಿಷ್ಟು ಯೋಚಿಸಿದ್ದನ್ನೂ ಇಲ್ಲಿ ನಿಮ್ಮ ಮುಂದಿಡುತ್ತೇನೆ. ನಾನು ವಿಜ್ಞಾನಿಯಲ್ಲ, ತತ್ತ್ವಶಾಸ್ತ್ರ ಓದಿದವನೂ ಅಲ್ಲ. ಮೂವತ್ತೈದು ವರ್ಷ ಪಿಂಪರಿಯ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ದುಡಿದು ನಿವೃತ್ತನಾದವನು. ಆದರೆ ಈ ವಿಷಯದಲ್ಲಿ ನನಗೂ ಒಂದು ಹಳೆಯ ಲೆಕ್ಕವಿದೆಯೆಂದು ಮುಂದೆ ಗೊತ್ತಾಗುತ್ತದೆ.

ಮೊದಲು ಈ ಹುಳುವಿನ ಕಥೆ. ಪತಂಗಗಳ ಮರಿಹುಳುಗಳಿಗೆ ಬರುವ ಒಂದು ಜಾತಿಯ ವೈರಸ್ಸಿಗೆ ಬ್ಯಾಕ್ಯುಲೋವೈರಸ್ ಎಂದು ಹೆಸರು. ಹುಳು ಸೊಪ್ಪಿನ ಜೊತೆ ಅದನ್ನು ತಿನ್ನುತ್ತದೆ. ವೈರಸ್ಸು ಒಳಗಿನ ಜೀವಕೋಶಗಳನ್ನು ಹೊಕ್ಕು, ಅವುಗಳ ಯಂತ್ರವನ್ನೆಲ್ಲ ತನ್ನ ಕೆಲಸಕ್ಕೆ ತಿರುಗಿಸಿಕೊಂಡು, ತನ್ನಂಥವೇ ಕೋಟ್ಯಂತರ ವೈರಸ್ಸುಗಳನ್ನು ಮಾಡಿಸಿಕೊಳ್ಳುತ್ತದೆ. ಕಡೆಗೆ ಹುಳು ಕರಗಿ ನೀರಾಗಿ ಎಲೆಯ ಮೇಲೆ ಸೋರುತ್ತದೆ. ಹೀಗೆ ಬಯಲಿಗೆ ಬಿದ್ದ ವೈರಸ್ಸು ಬಿಸಿಲು ಮಳೆಯಲ್ಲಿ ನಾಶವಾಗಬೇಕಲ್ಲವೆ? ಆಗುವುದಿಲ್ಲ. ಸಾಯುವ ಮುನ್ನ ಆ ಕೋಶಗಳಿಂದ ಅದು ಒಂದು ಪ್ರೋಟೀನನ್ನು ರಾಶಿರಾಶಿಯಾಗಿ ಮಾಡಿಸಿ, ಅದರ ಹರಳಿನೊಳಗೆ ತಾನು ಅಡಗಿ ಕೂತಿರುತ್ತದೆ. ಆ ಪ್ರೋಟೀನಿನ ಹೆಸರು ಪಾಲಿಹೆಡ್ರಿನ್. ಮುಂದಿನ ಹುಳು ಆ ಎಲೆಯನ್ನು ತಿಂದಾಗ ಅದರ ಹೊಟ್ಟೆಯ ಕ್ಷಾರದಲ್ಲಿ ಹರಳು ಕರಗಿ ವೈರಸ್ಸು ಹೊರಬೀಳುತ್ತದೆ. ಬುತ್ತಿ ಕಟ್ಟಿಕೊಂಡು ಹೊರಟ ಕಳ್ಳ!

ಈಗ ಜಾಣತನದ ಮಾತು. ಗಾಜಿನ ಸೀಸೆಯಲ್ಲಿ ಬೆಳೆಸಿದ ಕೋಶಗಳಲ್ಲಿ ವೈರಸ್ಸು ಬಾಳುವಾಗ ಅದಕ್ಕೆ ಬಿಸಿಲಿಲ್ಲ, ಮಳೆಯಿಲ್ಲ. ಆ ಹರಳಿನ ಅಗತ್ಯವೂ ಇಲ್ಲ. ಹಾಗಾದರೆ ಪಾಲಿಹೆಡ್ರಿನ್ ಮಾಡಿಸುವ ಜೀನನ್ನು ಅಲ್ಲಿಂದ ತೆಗೆದು, ಆ ಜಾಗದಲ್ಲಿ ನಮಗೆ ಬೇಕಾದ ಪ್ರೋಟೀನಿನ ಜೀನನ್ನು ಕೂರಿಸಿದರೆ? ನಮ್ಮ ಶಾಪಿನಲ್ಲಿ ಭಾರಿ ಪ್ರೆಸ್ಸೊಂದು ದಿನವೆಲ್ಲ ಬಾಗಿಲಿನ ತಗಡು ಒತ್ತುತ್ತಿತ್ತು. ರಾತ್ರಿ ಪಾಳಿಗೆ ಡೈ ಬದಲಾಯಿಸಿದರೆ ಅದೇ ಪ್ರೆಸ್ಸು, ಅದೇ ಬಲದಲ್ಲಿ, ಬೇರೊಂದು ಭಾಗವನ್ನು ಒತ್ತುತ್ತಿತ್ತು. ತಾನು ಏನು ಒತ್ತುತ್ತಿದ್ದೇನೆಂಬುದು ಪ್ರೆಸ್ಸಿಗೆ ಗೊತ್ತಿರಲಿಲ್ಲ. ಇಲ್ಲಿಯೂ ಹಾಗೆಯೇ: ವೈರಸ್ಸು ತನ್ನ ಹರಳನ್ನೇ ಮಾಡಿಸುತ್ತಿದ್ದ ರಭಸದಲ್ಲಿ ನಮ್ಮ ಔಷಧವನ್ನು ಮಾಡಿಸುತ್ತದೆ. 1983ರಲ್ಲಿ ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಗೇಲ್ ಸ್ಮಿತ್, ಮ್ಯಾಕ್ಸ್ ಸಮ್ಮರ್ಸ್ ಮತ್ತು ಸಂಗಡಿಗರು ಹೀಗೆ ಹುಳುವಿನ ಕೋಶಗಳಲ್ಲಿ ಮನುಷ್ಯರ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಮಾಡಿಸಿ ತೋರಿಸಿದರು. ವಿಧಾನವನ್ನು ವಿವರಿಸುವ ಕೈಪಿಡಿಯನ್ನು 1987ರಲ್ಲಿ ಅಲ್ಲಿನ ಕೃಷಿ ಪ್ರಯೋಗ ಕೇಂದ್ರದ ಬುಲೆಟಿನ್ನಾಗಿ ಅಚ್ಚು ಹಾಕಿಸಿದರು. ಬೆಳೆ ತಿನ್ನುವ ಹುಳುಗಳ ಅಧ್ಯಯನದಿಂದ ಹುಟ್ಟಿದ ವಿದ್ಯೆಯಾದ್ದರಿಂದ ಅದು ಕೃಷಿ ಬುಲೆಟಿನ್ನಿನಲ್ಲಿ ಬಂದದ್ದು ಸರಿಯಾಗಿಯೇ ಇದೆ. ಗೇಲ್ ಸ್ಮಿತ್ ಅವರೇ ಮುಂದೆ ನೊವಾವ್ಯಾಕ್ಸ್ ಕಂಪನಿಗೆ ಹೋದರು. ಅಲ್ಲಿ ರೂಪುಗೊಂಡ ಲಸಿಕೆಯೇ ಸೀರಂ ಸಂಸ್ಥೆಯಲ್ಲಿ ಕೋವೊವ್ಯಾಕ್ಸ್ ಎಂಬ ಹೆಸರಿನಿಂದ ತಯಾರಾಗಿ, 2021ರ ಡಿಸೆಂಬರ್ ಕೊನೆಯಲ್ಲಿ ತುರ್ತು ಬಳಕೆಯ ಅನುಮತಿ ಪಡೆದದ್ದು. ಕೊರೋನಾ ವೈರಸ್ಸಿನ ಮೈಮೇಲಿನ ಮುಳ್ಳಿನಂಥ ಪ್ರೋಟೀನನ್ನು ಹುಳುವಿನ ಕೋಶದಲ್ಲಿ ಮಾಡಿಸಿ, ಶುದ್ಧಿಮಾಡಿ, ಅದಕ್ಕೆ ಚಿಲಿ ದೇಶದ ಒಂದು ಮರದ ತೊಗಟೆಯಿಂದ ತೆಗೆದ, ನಮ್ಮ ಅಂಟುವಾಳದ ನೊರೆಯ ಜಾತಿಗೆ ಸೇರಿದ ಒಂದು ಸಾರವನ್ನು ಬೆರೆಸುತ್ತಾರೆ.

ಆ ಕೋಶಗಳಾದರೂ ಯಾವ ಹುಳುವಿನವು? ಸ್ಪೊಡಾಪ್ಟೆರ ಫ್ರುಜಿಪರ್ಡ ಎಂದು ಅದರ ಶಾಸ್ತ್ರೀಯ ಹೆಸರು. ಅಮೆರಿಕ ಖಂಡದ ಮೂಲದ್ದು. ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಆ ಹುಳುವಿನ ಕೋಶಾವಸ್ಥೆಯ ಅಂಡಾಶಯದಿಂದ ಬಿಡಿಸಿ ಬೆಳೆಸಿದ ಜೀವಕೋಶಗಳ ವರದಿ 1977ರಲ್ಲಿ ಪ್ರಕಟವಾಯಿತು. ಅವು ಅಂದಿನಿಂದ ಇಂದಿನವರೆಗೆ ಸೀಸೆಯಿಂದ ಸೀಸೆಗೆ ಒಡೆದೊಡೆದು ಬೆಳೆಯುತ್ತಲೇ ಇವೆ. ಹುಳು ಸತ್ತು ಅರ್ಧ ಶತಮಾನವಾಗುತ್ತ ಬಂತು. ಅದರ ಕೋಶಗಳು ಮಾತ್ರ ದೇಶದೇಶಗಳ ಪ್ರಯೋಗಾಲಯಗಳಲ್ಲಿ ಬದುಕಿವೆ. ನಮ್ಮ ಮೆಕ್ಕೆಜೋಳದ ರೈತರಿಗೆ ಈ ಹುಳುವಿನ ಪರಿಚಯ ಬೇರೆ ರೀತಿಯಲ್ಲಾಯಿತು. 2018ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊಟ್ಟಮೊದಲಿಗೆ ಅದನ್ನು ಗುರುತಿಸಿದ್ದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದ ತಾಕುಗಳಲ್ಲಿ. ಸೈನಿಕ ಹುಳು ಎಂದರೆ ದಾವಣಗೆರೆ, ಹಾವೇರಿಯ ಕಡೆಯ ಓದುಗರಿಗೆ ಇನ್ನು ವಿವರಿಸಬೇಕಾಗಿಲ್ಲ. ಸುಳಿಯನ್ನೇ ತಿಂದು ಹೊಲ ಬರಿದು ಮಾಡಿದ ಆ ಹುಳುವಿನ ಬಂಧುವೇ ನಮ್ಮ ಮನೆಯ ಮಗುವಿನ ಲಸಿಕೆಗೆ ಕೋಶ ಕೊಟ್ಟದ್ದು.

ಇಷ್ಟು ತಿಳಿದುಕೊಂಡಾಗ ನನಗೆ ಥಟ್ಟನೆ ನೆನಪಾದದ್ದು 1969ನೆಯ ಇಸವಿ.

ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ ತೋಟ, ಕಪಿಲೆ ಬಾವಿ. ಮನೆಯ ನಡುಮನೆಯೇ ಹುಳು ಮನೆ. ಬಿದಿರಿನ ತಟ್ಟೆಗಳನ್ನು ಸೆಗಣಿಯಿಂದ ಸಾರಿಸಿ, ಒಂದರ ಮೇಲೊಂದು ಜೋಡಿಸಿ, ಇರುವೆ ಹತ್ತದಂತೆ ಕಾಲುಗಳಿಗೆ ನೀರಿನ ಬಟ್ಟಲಿಟ್ಟು ಹುಳು ಮೇಯಿಸುತ್ತಿದ್ದೆವು. ಮನುಷ್ಯರು ಜಗುಲಿಯಲ್ಲಿ ಮಲಗುತ್ತಿದ್ದರು, ಹುಳು ಒಳಗೆ. ಆ ವರ್ಷ ಅಪ್ಪ ಸಾಲ ಮಾಡಿ ಇನ್ನೂರು ಮೊಟ್ಟೆ ತಂದಿದ್ದ. ಒಂದೊಂದು ಮೊಟ್ಟೆಯೆಂದರೆ ನಾನೂರಕ್ಕೂ ಹೆಚ್ಚು ಹುಳು. ಸೊಪ್ಪು ಸಾಲದೆ ಪಕ್ಕದ ಊರಿನಿಂದ ಕೊಂಡು ತಂದೆವು. ಮೂರು ಜ್ವರ ಎದ್ದವು, ನಾಲ್ಕನೆಯ ಜ್ವರವೂ ಎದ್ದಿತು. ಅಲ್ಲಿಂದ ಮುಂದೆ ಹುಳುವಿನ ಹಸಿವು ಹೇಳತೀರದು. ರಾತ್ರಿ ನಾಲ್ಕು ಹೊತ್ತಿಗೂ ಅಮ್ಮ, ಅಕ್ಕ ಲಾಟೀನು ಹಿಡಿದು ಸೊಪ್ಪು ಹಾಕುತ್ತಿದ್ದರು. ಹುಳು ಮೇಯುವ ಸದ್ದು ಹೆಂಚಿನ ಮೇಲೆ ಸೋನೆ ಮಳೆ ಹಿಡಿದ ಹಾಗೆ ಕೇಳುತ್ತಿತ್ತು. ಇನ್ನೆರಡು ದಿನದಲ್ಲಿ ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡಬೇಕು.

ಆ ಸದ್ದು ಒಂದು ರಾತ್ರಿ ತಗ್ಗಿತು. ಬೆಳಿಗ್ಗೆ ನೋಡಿದರೆ ಹುಳುಗಳ ಮೈ ಊದಿ ಹೊಳೆಯುತ್ತಿತ್ತು. ಸೊಪ್ಪು ಬಿಟ್ಟು ತಟ್ಟೆಯ ಅಂಚಿನುದ್ದಕ್ಕೂ ಗೊತ್ತುಗುರಿಯಿಲ್ಲದೆ ತಿರುಗುತ್ತಿದ್ದವು. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು ಸುರಿಯುತ್ತಿತ್ತು. ಹಾಲು ತೊಂಡೆ! ಮೂರು ದಿನದಲ್ಲಿ ಇನ್ನೂರು ಮೊಟ್ಟೆಯ ಬೆಳೆಯನ್ನೂ ಮಂಕರಿಯಲ್ಲಿ ಹೊತ್ತು ಹೋಗಿ ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದೆವು. ಆ ಹೊತ್ತು ಅಕ್ಕ ಅತ್ತದ್ದನ್ನು ಅವಳ ಮದುವೆಯ ದಿನವೂ ನಾನು ಕಾಣಲಿಲ್ಲ. ಅಮ್ಮನ ಓಲೆ ಅಡವಿಗೆ ಹೋಯಿತು. ನನ್ನ ಕಾಲೇಜು ನಿಂತಿತು. ಎರಡು ವರ್ಷ ಕೂಲಿನಾಲಿ ಮಾಡಿ, ಸೋದರಮಾವನ ಕಾಗದ ಹಿಡಿದು 1971ರಲ್ಲಿ ಪುಣೆಗೆ ಬಂದಿಳಿದೆ. ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಕಾರಣಕ್ಕೆ ಊರು ಬಿಟ್ಟಿದ್ದೇವೆ. ಕೆಲವರು ನೌಕರಿಗೆ, ಕೆಲವರು ಓದಿಗೆ, ಎಷ್ಟೋ ಜನ ಹೋಟೆಲಿನ ಗಲ್ಲದ ಮುಂದೆ ನಿಂತು. ನಾನು ಬಂದದ್ದು ಒಂದು ವೈರಸ್ಸಿನ ದೆಸೆಯಿಂದ.

ಹಾಲು ತೊಂಡೆ ಎಂದರೆ ಬ್ಯಾಕ್ಯುಲೋವೈರಸ್ಸೇ. ರೇಷ್ಮೆಹುಳುವಿಗೆ ತಗಲುವ ಜಾತಿ ಬೇರೆ, ಲಸಿಕೆಯವರು ಬಳಸುವ ಜಾತಿ ಬೇರೆ; ಇವರದ್ದು ಕುದುರೆ ಮಸಾಲೆ ಸೊಪ್ಪು ತಿನ್ನುವ ಒಂದು ಹುಳುವಿನಲ್ಲಿ ಸಿಕ್ಕದ್ದು. ಆದರೆ ಕುಲ ಒಂದೇ, ಕಸುಬು ಒಂದೇ. ನಮ್ಮ ತಟ್ಟೆಗಳಲ್ಲಿ ಸುರಿದ ಆ ಹಾಲು ಕಣ್ಣಿಗೆ ಕಾಣದ ಹರಳುಗಳ ರಾಶಿಯಾಗಿತ್ತು, ಅಂದರೆ ಅದೇ ಪಾಲಿಹೆಡ್ರಿನ್. ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ಮಾತನ್ನು ಹೇಳಲೋ ಬೇಡವೋ ಎಂದು ಹಿಂಜರಿದು ಕಡೆಗೆ ಹೇಳುತ್ತಿದ್ದೇನೆ. ಆ ದಿನಗಳಲ್ಲಿ ವೈರಸ್ಸಿನ ಮಾತು ನಮಗೆ ಯಾರಿಗೆ ಗೊತ್ತು? ಹುಳು ಕೆಟ್ಟಿತೆಂದರೆ ದೃಷ್ಟಿಯಾಯಿತು, ಮೈಲಿಗೆಯಾಯಿತು. ಹಿಂದಿನ ವಾರ ಬೆಂಕಿ ಕೇಳಿಕೊಂಡು ಹೊಸ್ತಿಲವರೆಗೆ ಬಂದಿದ್ದ, ಬೀದಿಯ ಕೊನೆಯ ಮನೆಯ ವಿಧವೆಯೊಬ್ಬಳ ಮೇಲೆ ನಮ್ಮ ಅಜ್ಜಿ ಬೊಟ್ಟು ಮಾಡಿದಳು. ಊರಿಗೆ ಊರೇ ನಂಬಿತು. ನಾನೂ ನಂಬಿದೆ, ಹದಿನೇಳು ವರ್ಷದ ಹುಡುಗ, ಹೈಸ್ಕೂಲು ಪಾಸಾದವನು. ಆಕೆ ಸಾಯುವ ತನಕ ಯಾರ ಹುಳು ಮನೆಯ ಮುಂದೆಯೂ ಹಾಯಲಿಲ್ಲ, ನೀರಿಗೆ ಹೋಗುವಾಗ ಊರು ಸುತ್ತಿಕೊಂಡು ಹೋಗುತ್ತಿದ್ದಳು. ತಿಳಿವಳಿಕೆಯಿಂದ ಔಷಧ ಸಿಕ್ಕುತ್ತದೆಂದು ಎಲ್ಲರೂ ಹೊಗಳುತ್ತೇವೆ. ನನಗೆ ಮಾತ್ರ ಅದರ ಮೊದಲನೆಯ ಪ್ರಯೋಜನ ಆ ಹೆಂಗಸಿನ ಮೇಲಿನ ಆಪಾದನೆ ಇಳಿದದ್ದು ಎನ್ನಿಸುತ್ತದೆ. ಇಳಿಯುವ ಹೊತ್ತಿಗೆ ಆಕೆ ಇರಲಿಲ್ಲ.

ಈಗ ಅಕ್ಕನ ಮೊದಲನೆಯ ಪ್ರಶ್ನೆ: ಇದು ಹಿಂಸೆಯೆ? ನಾನು ಅಲ್ಲವೆಂದೇ ಹೇಳುತ್ತೇನೆ, ಮತ್ತು ಅನುಮಾನವಿಲ್ಲದೆ ಹೇಳುತ್ತೇನೆ. ನಾವು ಹಿಂದೆ ಹಾಕಿಸಿಕೊಂಡ ಲಸಿಕೆಗಳನ್ನು ಒಮ್ಮೆ ನೆನೆಯಬೇಕು. ಹುಚ್ಚುನಾಯಿ ಕಚ್ಚಿದರೆ ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಎಂಬುದನ್ನು ನಮ್ಮ ವಯಸ್ಸಿನ ಯಾರೂ ಮರೆತಿರಲಾರರು. ಅದು ಕುರಿಯ ಮೆದುಳಿನಲ್ಲಿ ರೋಗ ಬೆಳೆಸಿ, ಆ ಮೆದುಳನ್ನೇ ಅರೆದು ಮಾಡುತ್ತಿದ್ದ ಮದ್ದು. 2004ರ ಕೊನೆಯವರೆಗೂ ನಮ್ಮ ದೇಶದಲ್ಲಿ ತಯಾರಾಗುತ್ತಿತ್ತು. ಒಂದೊಂದು ಸಲ ಮದ್ದೇ ಮನುಷ್ಯನ ನರಗಳಿಗೆ ಮುಳುವಾಗುತ್ತಿದ್ದುದೂ ಉಂಟು. ಪೋಲಿಯೋದ ಮೊದಲ ಲಸಿಕೆ ಕೋತಿಗಳ ಮೂತ್ರಪಿಂಡದ ಕೋಶಗಳಲ್ಲಿ ಬೆಳೆದದ್ದು; ಆ ಕೋತಿಗಳು ಎಲ್ಲಿಯವು? ಬಹುಪಾಲು ಭಾರತದವು. 1950ರ ದಶಕದ ಕೊನೆಯ ವರ್ಷಗಳಲ್ಲಿ ಲಕ್ಷಕ್ಕೂ ಮೀರಿ ಕೋತಿಗಳು ಪ್ರತಿ ವರ್ಷ ಇಲ್ಲಿಂದ ಪಂಜರಗಳಲ್ಲಿ ಪರದೇಶಗಳಿಗೆ ಹೋಗುತ್ತಿದ್ದವು. 1978ರಲ್ಲಿ ಸರ್ಕಾರ ಆ ರಫ್ತನ್ನು ನಿಲ್ಲಿಸಿತು. ಹನುಮನ ಗುಡಿಗೆ ಶನಿವಾರ ಶನಿವಾರ ಹೋಗುತ್ತಿದ್ದ ನಾವು ಆ ಪಂಜರಗಳ ಸುದ್ದಿಯನ್ನು ಕೇಳಿಯೂ ಇರಲಿಲ್ಲ.

ಕುರಿಯ ನೋವು ನೋವೇ, ಕೋತಿಯ ಭಯ ಭಯವೇ. ಅವುಗಳ ಕಣ್ಣಲ್ಲಿ ನೋಡಿದವನಿಗೆ ಬೇರೆ ಪ್ರಮಾಣ ಬೇಕಿಲ್ಲ. ಸೀಸೆಯಲ್ಲಿ ತೇಲುವ ಒಂಟಿ ಕೋಶಕ್ಕೆ ಕಣ್ಣಿಲ್ಲ, ಬಾಯಿಲ್ಲ, ನರವಿಲ್ಲ. ನೋವೆಂಬುದನ್ನು ಅನುಭವಿಸಲು ಅಲ್ಲಿ ಯಾರೂ ಇಲ್ಲ. ನಮ್ಮ ನಾಡಿನ ಜೈನರು ಜೀವಿಗಳನ್ನು ಇಂದ್ರಿಯಗಳ ಎಣಿಕೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಟ್ಟು, ಮೇಲಿನ ಮೆಟ್ಟಿಲಿಗೆ ಮಾಡುವ ಹಿಂಸೆ ಹೆಚ್ಚಿನದೆಂದು ಬಗೆದರು. ಆ ಲೆಕ್ಕದಲ್ಲಿ ನೋಡಿದರೂ ಕುರಿಯಿಂದ ಕೋಶಕ್ಕೆ ಇಳಿದದ್ದು ದೊಡ್ಡ ಇಳಿತವೇ. ಆದ್ದರಿಂದ ಮಗುವಿಗೆ ಲಸಿಕೆ ಹಾಕಿಸುವುದು ಸರಿಯೆ ಎಂದು ಯಾರಾದರೂ ಕೇಳಿದರೆ, ಹಾಕಿಸಿ ಎನ್ನುತ್ತೇನೆ. ಒಪ್ಪತ್ತು ಮಾಡುವವರೂ ಹಾಕಿಸಿಕೊಳ್ಳಿ ಎನ್ನುತ್ತೇನೆ.

ಆದರೆ ಅಕ್ಕ ಕೇಳಿದ ಎರಡನೆಯ ಪ್ರಶ್ನೆ ಹಿಂಸೆಯದಲ್ಲ, ಋಣದ್ದು. ನಾನು ನಕ್ಕದ್ದು ಆ ವ್ಯತ್ಯಾಸ ತಿಳಿಯದೆ. ತನ್ನ ಸೀರೆಗೆ ಹುಳು ಸತ್ತಿದೆಯೆಂಬುದನ್ನು ಅವಳು ಅಲ್ಲಗಳೆಯಲಿಲ್ಲ. ಸತ್ತದ್ದು ಗೊತ್ತು, ಅದಕ್ಕಾಗಿ ನಾನು ನಿದ್ದೆಗೆಟ್ಟಿದ್ದೇನೆ, ನನಗೂ ಅದಕ್ಕೂ ನಡುವೆ ಒಂದು ಕೊಡುಕೊಳುವಿತ್ತು ಎಂದಳು. ಇದು ಸಮರ್ಥನೆಯಾಗುತ್ತದೆಯೆ? ಸೊಪ್ಪು ಹಾಕಿದ ಮಾತ್ರಕ್ಕೆ ಬೇಯಿಸುವ ಹಕ್ಕು ಬರುತ್ತದೆಯೆ? ಬರುವುದಿಲ್ಲ, ಕುರಿ ಸಾಕುವವನೂ ಅದನ್ನೇ ಹೇಳಿಯಾನು. ಆದರೂ ಅವಳ ಮಾತಿನಲ್ಲಿ ಒಂದು ತಥ್ಯವಿದೆ. ತೆಗೆದುಕೊಂಡದ್ದು ಯಾರಿಂದ ಎಂದು ಅವಳಿಗೆ ಗೊತ್ತಿದೆ, ನಮಗೆ ಗೊತ್ತಿಲ್ಲ. ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೆಂದು ಒಂದಿದೆ: ಉಣ್ಣುವ ಮೊದಲು ಇತರ ಜೀವಿಗಳಿಗೆ ಒಂದು ತುತ್ತು ಎತ್ತಿಡುವುದು. ಆ ತುತ್ತಿನಿಂದ ಋಣ ತೀರುತ್ತದೆಂದು ಇಟ್ಟವರೂ ತಿಳಿದಿರಲಾರರು. ಋಣವಿದೆಯೆಂದು ದಿನಕ್ಕೊಮ್ಮೆ ನೆನೆಯುವುದು, ಅಷ್ಟೆ. (ನಮ್ಮ ಮನೆಗಳಲ್ಲಿ ಆ ತುತ್ತು ಕಾಗೆಗೆ, ಹಸುವಿಗೆ ಹೋಗುತ್ತದೆಯೇ ಹೊರತು ಹುಳುವಿಗೆಂದು ಇಟ್ಟದ್ದನ್ನು ನಾನು ಕಂಡಿಲ್ಲ. ಅದು ಬೇರೆ ಮಾತು.)

ಈ ಬಗೆಯ ಲೆಕ್ಕವನ್ನು ಪ್ರಾಮಾಣಿಕವಾಗಿ ಇಟ್ಟಿರುವುದನ್ನು ನಾನು ಕಂಡದ್ದು, ನಂಬಿದರೆ ನಂಬಿ, ಒಂದು ಕೀಟನಾಶಕದ ಬಾಟಲಿಯ ಮೇಲೆ. ಕಲಬುರಗಿಯ ಕಡೆ ತೊಗರಿಯ ಕಾಯಿಕೊರಕ ಹುಳುವಿಗೆ ಎನ್.ಪಿ.ವಿ. ಎಂಬ ದ್ರಾವಣ ಸಿಂಪಡಿಸುತ್ತಾರೆ. ಅದೂ ಇದೇ ಕುಲದ ವೈರಸ್ಸು. ಹೆ‌ಕ್ಟೇರಿಗೆ 250 ಎಲ್.ಇ. ಎಂದು ಶಿಫಾರಸು. ಎಲ್.ಇ. ಎಂದರೇನು ಎಂದು ಕೇಳಿ ತಿಳಿದುಕೊಂಡೆ: ರೋಗದಿಂದ ಸತ್ತ ಒಂದು ಹುಳುವಿನಿಂದ ದೊರೆಯುವಷ್ಟು ವೈರಸ್ಸು, ಸುಮಾರು 600 ಕೋಟಿ ಹರಳು. ಅಂದರೆ ಆ ಔಷಧದ ಅಳತೆಗೋಲೇ ಸತ್ತ ಹುಳು! ಹುಳುವನ್ನು ಕೊಲ್ಲುವ ಮದ್ದಿನ ಬಾಟಲಿಯ ಮೇಲೆ ಎಷ್ಟು ಹುಳು ಸತ್ತು ಇದಾಯಿತೆಂದು ಬರೆದಿದೆ. ಜೀವ ಉಳಿಸುವ ಮದ್ದಿನ ಬಾಟಲಿಯ ಮೇಲೆ ಇಷ್ಟು ಮೈಕ್ರೋಗ್ರಾಂ ಪ್ರೋಟೀನು ಎಂದಿದೆ.

ಸೊಪ್ಪು ಹಾಕಿದವರು ಯಾರೂ ಇಲ್ಲವೇ ಇಲ್ಲವೆಂದು ತಿಳಿದರೆ ಅದೂ ತಪ್ಪು. ನಮ್ಮ ಸಂಘದ ಸದಸ್ಯರೊಬ್ಬರ ಮಗ ಹೈದರಾಬಾದಿನಲ್ಲಿ ಇಂಥದೇ ಕೋಶಗಳನ್ನು ಬೆಳೆಸುವ ಕೆಲಸದಲ್ಲಿದ್ದಾನೆ. ದೀಪಾವಳಿಗೆ ಬಂದಾಗ ಅವನನ್ನು ಹಿಡಿದು ಕೂರಿಸಿಕೊಂಡು ಕೇಳಿದೆ. ಸಕ್ಕರೆ, ಅಮೈನೋ ಆಮ್ಲ, ಲವಣಗಳ ರಸವೇ ಅವಕ್ಕೆ ಮೇವು, 27 ಡಿಗ್ರಿ ಶಾಖ ಒಂದೇ ಸಮ ಇರಬೇಕು, ಗಾಳಿ ಆಡುತ್ತಿರಬೇಕು, ಬೇರೆ ಸೂಕ್ಷ್ಮಾಣು ಹೊಕ್ಕರೆ ಎಲ್ಲ ಕೆಟ್ಟಿತು. ರಜೆಯ ದಿನವೂ ಯಾರಾದರೊಬ್ಬರು ಹೋಗಿ ನೋಡಿ ಬರಬೇಕು, ಕೆಲವು ಸಲ ರಾತ್ರಿ ಎರಡು ಗಂಟೆಗೆ. ಕೇಳುತ್ತ ಕೇಳುತ್ತ ನನಗೆ ಅಮ್ಮನ ಲಾಟೀನು ಕಾಣಿಸಿತು. "ವೈರಸ್ಸು ಬಿಟ್ಟ ಮೇಲೆ ಹೇಗೆ ಗೊತ್ತಾಗುತ್ತೆ, ಕೆಲಸ ಆಗ್ತಿದೆ ಅಂತ?" ಎಂದೆ. ಹುಡುಗ ಉತ್ಸಾಹದಿಂದ ಹೇಳಿದ: "ಸೂಕ್ಷ್ಮದರ್ಶಕದಲ್ಲಿ ನೋಡ್ತೀವಿ ಅಂಕಲ್. ಸೆಲ್ಲುಗಳು ಊದಿಕೊಳ್ತವೆ. ದಪ್ಪ ಆದವು ಅಂದ್ರೆ ನಮಗೆ ಖುಷಿ. ಮೂರು ನಾಲ್ಕು ದಿನದಲ್ಲಿ ಒಡೆದುಹೋಗೋಕೆ ಶುರುವಾಗುತ್ತೆ, ಅಷ್ಟರಲ್ಲಿ ಪ್ರೋಟೀನು ತೆಗೆದುಬಿಡಬೇಕು."

ಊದಿದವು ಎಂದು ಅಕ್ಕ ಅತ್ತಳು. ಊದಿದವು ಎಂದು ಈ ಹುಡುಗ ನಗುತ್ತಾನೆ. ಇಬ್ಬರೂ ನಿದ್ದೆಗೆಟ್ಟು ಕಾದವರೇ. ಅವನ ನಗುವಿನಲ್ಲಿ ಕ್ರೌರ್ಯವೇನೂ ಇರಲಿಲ್ಲ, ಒಳ್ಳೆಯ ಹುಡುಗ. ಆದರೂ ಒಂದು ಕ್ಷಣ ನನ್ನ ಕರುಳು ಚುರುಕ್ಕೆಂದಿತು ಎಂಬುದನ್ನು ಮುಚ್ಚಿಡಲಾರೆ. ವಿಷವೇ ಅಮೃತವಾಯಿತು ನೋಡಿ, ಎಲ್ಲ ಭಗವಂತನ ಸಂಕಲ್ಪ ಎಂದು ನಮ್ಮ ಸ್ನೇಹಿತರೊಬ್ಬರು ಸಮಾಧಾನ ಹೇಳಿದರು. ನನಗೆ ಆ ಸಮಾಧಾನ ಹಿಡಿಸುವುದಿಲ್ಲ. ಆ ವೈರಸ್ಸು ನಮ್ಮ ಮನೆ ಮುರಿಯಬೇಕೆಂದೂ ಬರಲಿಲ್ಲ, ನನ್ನ ಮೊಮ್ಮಗಳನ್ನು ಕಾಯಬೇಕೆಂದೂ ಹೋಗಲಿಲ್ಲ. ಕೆಲಸ ತಿರುಗಿಸಿದವರು ಮನುಷ್ಯರು. ಹಾಗಾದ ಮೇಲೆ ಋಣದ ಮಾತನ್ನೂ ಮನುಷ್ಯರನ್ನೇ ಕೇಳಬೇಕು.

ಕೇಳಿದರೆ ಏನು ಉತ್ತರ? ಜಪಾನಿನಲ್ಲಿ ಸುಸುಮು ಮಯೇದ ಮತ್ತು ಸಂಗಡಿಗರು 1985ರಲ್ಲಿಯೇ ನಮ್ಮ ಹಾಲು ತೊಂಡೆಯ ವೈರಸ್ಸನ್ನೇ ಹಿಡಿದು, ಜೀವಂತ ರೇಷ್ಮೆಹುಳುವಿನ ಮೈಯಲ್ಲಿ ಇಂಟರ್‌ಫೆರಾನ್ ಮಾಡಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಕೆ. ಪಿ. ಗೋಪಿನಾಥನ್ ಅವರ ತಂಡ 1990ರ ದಶಕದಲ್ಲಿ ಅದೇ ವೈರಸ್ಸಿನಿಂದ ರೇಷ್ಮೆಹುಳುವಿನಲ್ಲಿ ಮಿಣುಕುಹುಳುವಿನ ಬೆಳಕಿನ ಪ್ರೋಟೀನನ್ನು ಮಾಡಿಸಿತು. (ಅಕ್ಕನಿಗೆ ಇದನ್ನು ಹೇಳಿದಾಗ, "ಅಲ್ಲಿ ಸೊಪ್ಪು ಹಾಕ್ತಾರಾ?" ಎಂದು ಕೇಳಿದಳು. ಹಾಕುತ್ತಾರೆ ಎಂದೆ.) ಒಂದು ಜೀನನ್ನು ಕಿತ್ತು ಇನ್ನೊಂದನ್ನು ನೆಡುವಷ್ಟು ಆಳವಾಗಿ ಈ ವೈರಸ್ಸನ್ನು ಬಲ್ಲವರು ಇದ್ದಾರೆ. ಇತ್ತ ಶಿಡ್ಲಘಟ್ಟ, ರಾಮನಗರದ ರೈತನ ತಟ್ಟೆಯಲ್ಲಿ ಹಾಲು ತೊಂಡೆ ಕಾಣಿಸಿಕೊಂಡರೆ ಇಂದಿಗೂ ಮದ್ದಿಲ್ಲ. ಮನೆ ತೊಳೆ, ಸುಣ್ಣ ಹಾಕು, ರೋಗದ ಹುಳು ಆರಿಸಿ ಹೂಳು. ನಮ್ಮ ಅಪ್ಪ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಪ್ರಯತ್ನ ನಡೆದಿಲ್ಲವೆಂದಲ್ಲ. ಹೈದರಾಬಾದಿನ ಸಿ.ಡಿ.ಎಫ್.ಡಿ. ಸಂಸ್ಥೆಯಲ್ಲಿ ಜೆ. ನಾಗರಾಜು ಅವರ ತಂಡ ಈ ವೈರಸ್ಸನ್ನು ತಡೆದುಕೊಳ್ಳುವ ರೇಷ್ಮೆಹುಳುವನ್ನು ಜೀನುಗಳ ಮಟ್ಟದಲ್ಲಿಯೇ ರೂಪಿಸಿದ ವರದಿ 2013ರಲ್ಲಿ ಬಂದಿದೆ. ಪ್ರಯೋಗಾಲಯದಿಂದ ಅಕ್ಕನ ಮಗನ ಹುಳು ಮನೆಯವರೆಗೆ ಬರುವ ದಾರಿ ಮಾತ್ರ ಬಹಳ ಉದ್ದ.

ನನಗೆ ತೋಚುವುದು ಇಷ್ಟು. ಕೋಶಕ್ಕೆ ನಾವು ಏನನ್ನೂ ಹಿಂದಿರುಗಿಸಲಾರೆವು. ಅದು ಏನನ್ನೂ ಬಯಸುವುದಿಲ್ಲ. 1977ಕ್ಕೆ ಹಿಂದೆ ಎಂದೋ ಸತ್ತ ಆ ಒಂದು ಹುಳುವಿಗಂತೂ ಆಗಲಾರದು. ಆದರೆ ಈ ವಿದ್ಯೆ ಮೇಲೆದ್ದದ್ದು ಹುಳುವಿನ ರೋಗದಿಂದ, ಹೊಲಗಳ ಮತ್ತು ತೋಟಗಳ ತೊಂದರೆಯಿಂದ. ಅಲ್ಲಿನ ಜನ ಇನ್ನೂ ಬದುಕಿದ್ದಾರೆ, ಇನ್ನೂ ಗುಂಡಿ ತೋಡುತ್ತಿದ್ದಾರೆ. ಲಸಿಕೆಗೆ ಖರ್ಚಾದ ಬುದ್ಧಿಯ ಹತ್ತರಲ್ಲೊಂದು ಪಾಲು ಆ ಕಡೆ ತಿರುಗಿದರೂ ಋಣದ ಬಡ್ಡಿಯಷ್ಟಾದರೂ ಸಂದೀತು. ನಾವು ನಗರದವರು, ಒಂದು ಸೂಜಿಯ ನೋವಿಗೆ ಎಲ್ಲವನ್ನೂ ಪಡೆಯುವವರು, ಹಾಗೆ ತಿರುಗಬೇಕೆಂದು ಕೇಳಿದ್ದೇವೆಯೆ? ನಾನು ಕೇಳಿರಲಿಲ್ಲ. ಐವತ್ತು ವರ್ಷ ಊರಿಗೆ ಹಬ್ಬಕ್ಕೆ ಹೋಗಿಬಂದವನು, ಹುಳು ಮನೆಯೊಳಗೆ ಕಾಲಿಟ್ಟದ್ದು ಎಷ್ಟು ಸಲವೆಂದು ಬೆರಳಲ್ಲಿ ಎಣಿಸಬಹುದು.

ಮಾರನೆಯ ದಿನ ಅಕ್ಕನೂ ಆಸ್ಪತ್ರೆಗೆ ಬಂದಳು. ಬೇಡವೆಂದರೂ ಕೇಳಲಿಲ್ಲ. ಮೊಮ್ಮಗಳು ಕುರ್ಚಿಯಲ್ಲಿ ಕೂತಾಗ ಪಕ್ಕದಲ್ಲಿ ನಿಂತು ಅವಳ ಇನ್ನೊಂದು ಕೈ ಹಿಡಿದುಕೊಂಡಳು. ನರ್ಸಮ್ಮನನ್ನು, ಇದು ಯಾವ ಹುಳುವಿನದೆಂದು ನಿಮಗೆ ಗೊತ್ತೇ ಎಂದು ಕನ್ನಡದಲ್ಲಿಯೇ ಕೇಳಿದಳು. ನಾನು ಮರಾಠಿಗೆ ತಿರುಗಿಸಿದೆ. ಆಕೆ ಗಾಬರಿಯಿಂದ ಬಾಟಲಿಯನ್ನು ತಿರುಗಿಸಿ ನೋಡಿ, ಹುಳುಗಿಳು ಏನೂ ಇಲ್ಲ, ಎರಡರಿಂದ ಎಂಟು ಡಿಗ್ರಿಯಲ್ಲಿ ಇಟ್ಟಿದ್ದೇವೆ, ತಾರೀಖೂ ಸರಿಯಾಗಿದೆ ಎಂದಳು. ಮೆಕ್ಕೆಜೋಳದ ಹುಳು ಎಂದು ಅಕ್ಕನಿಗೆ ನಾನು ಹೇಳಿದೆ. "ಸರಿ" ಎಂದಳು.

ಅಕ್ಕ ಊರಿಗೆ ಹೋದ ಮೇಲೆ ಫೋನು ಮಾಡಿದಳು. ಅವಳ ಮಗ ನೂರು ಮೊಟ್ಟೆ ತಂದಿದ್ದನಂತೆ, ಎರಡನೆಯ ಜ್ವರಕ್ಕೆ ಕೂತಿವೆಯಂತೆ.

"ಮಗೂ ಕೈನೋವು ಹೋಯ್ತಾ?"

"ಹೋಯ್ತಕ್ಕ. ಇನ್ನೊಂದು ಸಲ ಹಾಕಿಸಬೇಕು, ಇಪ್ಪತ್ತೊಂದು ದಿನಕ್ಕೆ."

"ಇಪ್ಪತ್ತೊಂದಾ?" ಅಕ್ಕ ಆ ಕಡೆ ಬೆರಳು ಎಣಿಸಿದಳೆಂದು ಕಾಣುತ್ತದೆ. "ಅಷ್ಟೊತ್ತಿಗೆ ನಾಲ್ಕನೇ ಜ್ವರ ಎದ್ದು ಒಂದೆರಡು ದಿನ ಆಗಿರುತ್ತೆ. ಆಗಲೇ ಕಣೋ ಹುಷಾರಾಗಿರಬೇಕಾದ್ದು. ಮಗೂಗೆ ಹೊತ್ತುಹೊತ್ತಿಗೆ ಊಟ ಹಾಕು ಅಂತ ನಿನ್ನ ಸೊಸೆಗೆ ಹೇಳು."